ನದಿ ಕೊರೆದ ಮೇಜು

ಸಂಜೆಯಿಂದ ಸುರಿಯುತ್ತಿದ್ದ ಮಳೆಗೆ ಮಲ್ಕಾಜ್‌ಗಿರಿಯಲ್ಲಿ ಕರೆಂಟು ಹೋಗಿ, ಮೊಮ್ಮಕ್ಕಳೆಲ್ಲ ಮೇಣದಬತ್ತಿ ಹಚ್ಚಿಕೊಂಡು ಗಿರಿಜಾಬಾಯಿಯವರ ಸುತ್ತ ಕೂತಿದ್ದರು. ಡಿಗ್ರಿ ಮುಗಿಸಿ, ಕೆಲಸ ಹುಡುಕಲು ವಾರದ ಹಿಂದಷ್ಟೇ ಅಜ್ಜಿಯ ಮನೆಗೆ ಬಂದಿದ್ದ ಮೊಮ್ಮಗಳು ಐಶ್ವರ್ಯಾ ಎಲ್ಲರಿಗಿಂತ ಹಿಂದೆ ಗೋಡೆಗೆ ಒತ್ತಿಕೊಂಡಿದ್ದಳು. ಬೆಳಿಗ್ಗೆ ತನ್ನ ಕೋಣೆಯ ಹಳೇ ಚೀನಾ ಮೇಜಿನ ಧೂಳು ಒರೆಸುವಾಗ, ಅದರ ಮೇಲೆ ಹೂಡಿಟ್ಟಿದ್ದ ಆಟದ ಕಾಯೊಂದನ್ನು ಅವಳು ಸುಮ್ಮನೆ ಮುಂದಕ್ಕೆ ಸರಿಸಿದ್ದಳು. ಅಷ್ಟೇ.

“ಆ ಮೇಜಿನ ಕತಿ ಹೇಳಬೇ ಆಯಿ,” ಎಂದ ಚೇತನಕುಮಾರ. “ದೆವ್ವ ಇದ್ರ ಬಾಡಗಿ ಕೊಡಲಿ.”

“ನಗಬ್ಯಾಡೋ ಮಂಗ್ಯಾ… ಸುಲ್ತಾನ್ ಬಜಾರದಾಗ ನಮ್ಮನಿಯವರದು, ನಿಮ್ಮ ಮುತ್ಯಾಂದು, ಹಳೇ ಸಾಮಾನಿನ ಅಂಗಡಿ ಇದ್ದಾಗ, ನವಾಬರ ಕಾಲದ ದೊಡ್ಡ ಹವೇಲಿ, ದೇವಡಿ ಅಂತಾರಲ್ಲ, ಅಲ್ಲಿಯ ಸಾಹೇಬರೊಬ್ಬರು ಆ ಮೇಜು, ಎರಡು ಕುರ್ಚಿ ಮಾರಿದ್ರು. ಅವರಜ್ಜ ಚೀನಾದಿಂದ ಹಡಗಿನ್ಯಾಗ ತರಿಸಿದ್ದಂತ. ಕಾಲಿಗೆ ಡ್ರಾಗನ್ ಕೆತ್ತನಿ, ಮ್ಯಾಲ ಚೀನಾದ ಚದುರಂಗಕ್ಕ ಕೊರದ ಗೆರಿ, ಎರಡು ದಂಡಿನ ನಡುವ ಖಾಲಿ ಪಟ್ಟಿ… ಅದಕ್ಕ ನದಿ ಅಂತಾರ. ಮಾರಿದ್ರೂ ಜೀವ ಬಿಡಲಿಲ್ಲ, ದಿನಾ ಸಂಜಿಕೆ ಬಂದು ಮುತ್ಯಾಗ ಆಟ ಕಲಿಸಿ, ಅದರ ಮ್ಯಾಲ ಆಡಿ ಹೋಗಾವ್ರು. ಒಂದಿನ ಇಂಥಾದ್ದ ಮಳಿ. ಬಂದ್ರು, ಮಾತಿಲ್ಲ ಕತಿಯಿಲ್ಲ, ಆಡಿ, ಅರ್ಧಕ್ಕ ಎದ್ರು. ಮೈಮ್ಯಾಲ ಒಂದು ಹನಿ ನೀರಿಲ್ಲ… ಅದನ್ನ ನೋಡಿಯಾದ್ರೂ ನಂಗ ಹೊಳೀಬಾರದಾ? ರೂಢಿ ನೋಡು, ಚಾದ ಕಪ್ಪು ತಗೋತ, ‘ಹೋಗಿ ಬರ್ರಿ ಸಾಹೇಬ್ರ, ಆಟ ಉಳದೈತಿ’ ಅಂದುಬಿಟ್ಟೆ.”

ಆಯಿ ಸೆರಗು ಬಿಗಿಯಾಗಿ ಹೊದ್ದುಕೊಂಡರು.

“ಅವರು ಅತ್ತ ಹೋದ್ರು, ಇತ್ತ ದೇವಡಿಯ ಆಳು ಬಂದ. ಸಾಹೇಬರು ಮುಂಜಾನೇನ ತೀರಿಕೊಂಡಿದ್ರಂತ. ಸಾವಿನ ಮನಿಂದ ಏಳಬೇಕಾದ್ರನ ನಾವು ಬರತೀವಿ ಅನ್ನಾಂಗಿಲ್ಲ, ಆ ಮನಿಯವರು ಬರ್ರಿ ಅನ್ನಾಂಗಿಲ್ಲ… ನಾ ಸತ್ತವರಿಗೇ ಬರ್ರಿ ಅಂದಿದ್ದೆ. ಬರಲಾರದ ಇರತಾರೇನು? ಮರುದಿನ ಆಚೀಕಡಿ ಕಾಯಿ ನದಿ ದಾಟಿತ್ತು. ಮುತ್ಯಾ ನಕ್ಕೋತ ತಮ್ಮ ಕಡಿಯದೊಂದು ಸರಿಸಿದ್ರು. ಹಂಗ ದಿನಾ ನಡದು, ಮುತ್ಯಾನ ರಾಜಾ ಸಿಕ್ಕಿಬಿದ್ದ ದಿನ… ಕುರ್ಚ್ಯಾಗ ಕುಂತಲ್ಲೇ ಹೋದ್ರು. ಮೇಜು ಮಾರಿದೆ, ಕೊಂಡವರೇ ತಿರುಗಿ ತಂದು ಬಿಟ್ಟುಹೋದ್ರು. ಕಾಯಿ ಮತ್ತ ಮೊದಲಿನಂಗ ಹೂಡಿದ್ದುವು… ನಾ ಹೂಡಿಲ್ಲ. ನಂಗ ಆಟ ಬರಾಂಗಿಲ್ಲಂತ ಸಾಹೇಬರು ಸುಮ್ನ ಕಾಯಾಕತ್ತಾರ. ಕಾಯಿ ಮುಟ್ಟಬ್ಯಾಡ ಅಂದ್ರ ನೀವು ಬೇಕಂತನ ಮುಟ್ಟತೀರಂತ ಯಾರ ಮುಂದೂ ಹೇಳಿರಲಿಲ್ಲ. ಈಚೀಕಡಿ ಒಂದು ಕಾಯಿ ಸರಿಸೂದ ತಡ…”

ಐಶ್ವರ್ಯಾ ತನ್ನ ಕೋಣೆಯ ಬಾಗಿಲಿನತ್ತ ತಿರುಗಿ ನೋಡಿದಳು.

ಗಿರಿಜಾಬಾಯಿ ಎಲ್ಲರ ತಲೆಯ ಮೇಲಿಂದ ಗೋಡೆಯ ಕಡೆಗೇ ನೋಡಿದರು.

“ಐಶೂ, ಮಧ್ಯಾಹ್ನ ನೀ ಹೊರಗ ಹೋದಾಗ ನಿನ್ನ ಖೋಲ್ಯಾಗ ಕುರ್ಚಿ ಎಳದ ಸದ್ದಾತು. ಹೋಗಿ ನೋಡಿದೆ… ಆಚೀಕಡಿಯದೊಂದು ಮುಂದ ಬಂದೈತಿ. ಈಗ ನಿನ್ನ ಸರದಿ. ಅವರಿಗೆ ಹೋಗ್ರಿ ಅಂತ ಹ್ಯಾಂಗ ಅನ್ನಲಿ, ತಂಗಿ… ಕರದಾಕಿ ನಾನ.”