ಓಷನ್ ಬೀಚಿನಲ್ಲಿ ಅಪ್ಪನ ಅಸ್ಥಿ ಬಿಟ್ಟ ದಿನದ ಬಗ್ಗೆ ಹೇಮಶ್ರೀ ಹೇಳಿಕೆ

ನಾನು ಹೇಮಶ್ರೀ, ತಂದೆ ದಿವಂಗತ ಶೇಷಾದ್ರಿ, ವಯಸ್ಸು 39, ಉದ್ಯೋಗ ಫಿಸಿಯೋಥೆರಪಿಸ್ಟ್, ವಾಸ ಬೆರ್ರಿಯೆಸಾ, ಸ್ಯಾನ್ ಹೊಸೆ. ರೆಡ್‌ವುಡ್ ಸಿಟಿಯಲ್ಲಿರುವ ನನ್ನ ಅಣ್ಣ ಮಧುಕರ್ ನನ್ನ ಮೇಲೆ ಪೊಲೀಸರಿಗೆ ಕೊಟ್ಟಿರುವ ದೂರಿಗೆ ಉತ್ತರವಾಗಿ ತಿಳಿಸುವುದೇನೆಂದರೆ:

ಜನವರಿ 17ರ ಶನಿವಾರ ಬೆಳಿಗ್ಗೆ ಎಂಟಕ್ಕೆ ಅಪ್ಪನ ಅಸ್ಥಿ ವಿಸರ್ಜನೆಗೆಂದು ನಾನು, ಅಣ್ಣ ಮತ್ತು ಅಮ್ಮ ಪ್ರಭಾ, ವಯಸ್ಸು 71, ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಬೀಚಿಗೆ ಹೋದೆವು. ಹಿಂದಿನ ದಿನ ಬಿರುಗಾಳಿ ಬೀಸಿತ್ತು. ಅಲೆಗಳು ಆಳೆತ್ತರ ಏಳುತ್ತಿದ್ದವು. ನಾನು ಅಲ್ಲಿ ಒಂಬತ್ತು ಚಳಿಗಾಲ ಸರ್ಫಿಂಗ್ ಮಾಡಿದ್ದೇನೆ. ನೀವಿಬ್ಬರೂ ಮರಳ ದಿಬ್ಬದ ಮೇಲಿರಿ, ಅಸ್ಥಿಯ ಕುಡಿಕೆಯನ್ನು ನಾನು ಸರ್ಫಿಂಗ್ ಬೋರ್ಡಿನಲ್ಲಿ ಅಲೆಗಳಾಚೆ ಒಯ್ದು ಬಿಡುತ್ತೇನೆ ಎಂದೆ. ಅದಕ್ಕೆಂದೇ ನೀರಿನ ಚಳಿ ತಡೆಯುವ ವೆಟ್‌ಸೂಟ್ ಹಾಕಿಕೊಂಡು ಬಂದಿದ್ದೆ.

"ಅಪ್ಪನ್ನ ನಿನ್ನ ಆಟದ ಹಲಗೆ ಮೇಲೆ ಕಳಿಸ್ತೀಯೇನೇ?" ಎಂದ ಅಣ್ಣ. ಮಗನಿರುವಾಗ ಮಗಳು ಬಿಡುವ ಪದ್ಧತಿಯಿಲ್ಲ ಎಂದೂ ಹೇಳಿದ. ಅಪ್ಪ ಹಾಸಿಗೆ ಹಿಡಿದಿದ್ದ ಎಂಟು ತಿಂಗಳು ನಾನು ಡಯಾಪರ್ ಬದಲಿಸುವಾಗ ಈ ಪದ್ಧತಿ ಅವನಿಗೆ ನೆನಪಾಗಿರಲಿಲ್ಲ.

ಅವನು ಅಮ್ಮನ ಕೈ ಹಿಡಿದು ಮೊಣಕಾಲುದ್ದ ನೀರಿಗಿಳಿದು ಅಸ್ಥಿ ಬಿಟ್ಟ. ಬಿಟ್ಟ ಮೇಲೆ ತಿರುಗಿ ನೋಡಬಾರದು, ನೆಟ್ಟಗೆ ನಡೆದುಬಿಡಬೇಕು ಎಂದು ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದ. ಈ ಕಡಲಿಗೆ ಬೆನ್ನು ಹಾಕಬೇಡಿ ಎಂದು ನಾನು ಕಾರಿನಲ್ಲೇ ಬಾಯಿ ನೋಯುವಷ್ಟು ಹೇಳಿದ್ದೆ. ಇಬ್ಬರೂ ಬೆನ್ನು ಹಾಕಿಯೇ ನಡೆದರು.

ಹಿಂದೆ ದೊಡ್ಡ ಅಲೆಯೊಂದು ಏಳುವುದನ್ನು ಕಂಡು, ಅಮ್ಮಾ ಹಿಂದೆ ನೋಡು ಎಂದು ಕೂಗಿದೆ. ಅಮ್ಮ ತಿರುಗಿದಳು. ಅಲೆ ಬಡಿಯಿತು. ಅಣ್ಣ ಅಮ್ಮನ ಕೈಬಿಟ್ಟು ದಡಕ್ಕೆ ಓಡಿದ. ಒಮ್ಮೆಯೂ ತಿರುಗಿ ನೋಡಲಿಲ್ಲ. ಶಾಸ್ತ್ರವನ್ನು ಪೂರ್ತಿ ಪಾಲಿಸಿದವನು ಅವನೊಬ್ಬನೇ.

ವಾಪಸು ಹೋಗುವ ನೀರು ಅಮ್ಮನನ್ನು ಒಳಕ್ಕೆಳೆಯಿತು. ನಾನು ಬೋರ್ಡ್ ಸಮೇತ ನುಗ್ಗಿ, ಕೈಗೆ ಸಿಕ್ಕ ಸೀರೆಯ ಸೆರಗನ್ನೇ ಹಿಡಿದೆಳೆದು, ಅಮ್ಮನನ್ನು ಬೋರ್ಡಿನ ಮೇಲೆ ಹಾಕಿಕೊಂಡು ದಡಕ್ಕೆ ತಂದೆ. ತುಟಿ ನೀಲಿಗಟ್ಟಿತ್ತು. ಸೊಂಟದ ಮೂಳೆ ಮುರಿದಿದೆ.

ನಾನು ಕೂಗಿದ್ದಕ್ಕೇ ಅಮ್ಮ ತಿರುಗಿ ಬಿದ್ದಳು ಎಂಬುದು ಅಣ್ಣನ ದೂರು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅಮ್ಮ ಆಡಿದ ಮೊದಲ ಮಾತು: "ತಿರುಗಿ ನೋಡ್ಬಿಟ್ಟೆ ಕಣೆ. ನನ್ನಿಂದ ಅವರಿಗೆ ಸದ್ಗತಿ ತಪ್ಪಿಹೋಯ್ತೇನೋ." ಅಣ್ಣ ಪಕ್ಕದಲ್ಲೇ ನಿಂತಿದ್ದ. ಇಲ್ಲಮ್ಮ ಎನ್ನಲಿಲ್ಲ. ಮೂಳೆ ಕೂಡಿಕೊಳ್ಳುತ್ತದೆ. ಇದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.

ನಾನು ಕೂಗಿದ್ದು ನಿಜ. ಇನ್ನೊಮ್ಮೆ ಹೀಗಾದರೂ ಕೂಗುತ್ತೇನೆ.

ಮೇಲಿನದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು; ಒಂದಕ್ಷರವೂ ಸುಳ್ಳಲ್ಲ. ಅಮ್ಮನ ಹಾಸಿಗೆಯ ಪಕ್ಕ ಕೂತು, ಅಣ್ಣನ ಎದುರಿಗೇ ಇದನ್ನು ಅವಳಿಗೆ ಓದಿ ಹೇಳಬೇಕಾಗಿರುವುದರಿಂದ ಕನ್ನಡದಲ್ಲಿ ಕೊಟ್ಟಿದ್ದೇನೆ. ಅದಕ್ಕಾಗಿ ನನಗೆ ಇದರ ಒಂದು ಪ್ರತಿ ಕೊಡಬೇಕು.

ಸ್ಥಳ: ಸ್ಯಾನ್ ಫ್ರಾನ್ಸಿಸ್ಕೋ
ದಿನಾಂಕ: 20 ಜನವರಿ 2026
ಸಹಿ: ಹೇಮಶ್ರೀ