ಮೊದಲ ಹಂಚು

ಥಾಯ್ಲೆಂಡಿನ ಫ್ರೇ ಪಟ್ಟಣದ ರಾತ್ರಿ ಸಂತೆಯಲ್ಲಿ ಆಗಷ್ಟೇ ದೀಪಗಳು ಹತ್ತಿದ್ದವು. ಕಾಂದಾಳ ತೆಂಗಿನಹಾಲಿನ ಪಡ್ಡಿಗೆ ಸಾಲು ನಿಂತಿತ್ತು. ಮೊದಲ ಹಂಚಿನದು ಮಾರಾಟಕ್ಕಲ್ಲ, ಸಂತೆಯ ಮೂಲೆಯ ಗುಡಿಗೆ. ಸಾಲಿನ ಮುಂದಿದ್ದ ಹಳೇ ಗಿರಾಕಿ ಲಮ್ಯೈಗೆ ಬೇಡವೆಂದರೂ ಕಾಂದಾ ಮತ್ತು ಅವಳ ತಾಯಿಯ ಮಾತು ಕಿವಿಗೆ ಬೀಳುತ್ತಿತ್ತು.

“ಅಮ್ಮಾ, ಬರ್ತೀನೋ ಇಲ್ವೋ ಅಂತ ಆ ದೂರದ ರಾಯೋಂಗಿನ ಹೋಟೆಲಿನವರಿಗೆ ಇವತ್ತೇ ಹೇಳಬೇಕು. ಇಲ್ಲಾಂದ್ರೆ ಕೆಲಸ ಬೇರೆಯವರಿಗೆ,” ಅಂದಳು ಕಾಂದಾ.

“ಹೇಳು. ಹರಕೆ ಇದೆ, ಬರಕ್ಕಾಗಲ್ಲ ಅಂತ.”

“ಹರಕೆ ಹೊತ್ತವಳು ನೀನು.”

“ಜ್ವರ ಬಂದಿದ್ದು ನಿನಗೆ. ಮಗು ಉಳಿದ್ರೆ ದಿನಾ ಮೊದಲ ಹಂಚು ಅವಳ ಕೈಯಿಂದಲೇ ಇಡಿಸ್ತೀನಿ ಅಂದೆ. ಉಳಿದೆ ತಾನೆ?”

“ನಿನ್ನ ಕೈಯಿಂದ ಇಡ್ತೀನಿ ಅನ್ನಬಾರದಿತ್ತಾ?”

“ನನ್ನ ಕೈ ಆಗಲೇ ನಿಮ್ಮಣ್ಣನ ಕಾಮಾಲೆಯ ಹರಕೆಗೆ ಹೋಗಿತ್ತು. ಬೆಟ್ಟದ ಗುಡಿಗೆ ದಿನಾ ಬೆಳಿಗ್ಗೆ ನಾನು ಹೂವು ಒಯ್ಯೋದು ಶೋಕಿಗಾ?”

“ಅವನ ಹರಕೆ ಅವನ ಕೈಗೇ ಕಟ್ಟಬೇಕಿತ್ತು.”

“ಗಂಡುಹುಡುಗ ಕಣೇ. ಊರು ಬಿಟ್ಟು ಹೋಗೋನು.”

“ಹೋದ. ಫೋನೂ ಮಾಡಲ್ಲ.”

ಕಾಂದಾ ಪಡ್ಡುಗಳನ್ನು ಒಂದೊಂದಾಗಿ ಕಿತ್ತು ಬಾಳೆಲೆಗೆ ಹಾಕಿದಳು. ಆಮೇಲೆ ತನ್ನ ಫೋನನ್ನು ತಾಯಿಯ ಕೈಗಿಟ್ಟಳು.

“ಅವರು ಮಾಡಿದ್ರೆ ಬರಲ್ಲ ಅಂತ ನೀನೇ ಹೇಳು. ನಾನು ಹೇಳಲ್ಲ. ನನ್ನ ಬಾಯನ್ನೂ ಹರಕೆಗೆ ಕೊಟ್ಟಿಲ್ಲ ತಾನೆ?”

ಬಾಳೆಲೆ ಎತ್ತಿಕೊಂಡು ಗುಡಿಯ ಕಡೆ ನಡೆದಳು. ಫೋನು ತಾಯಿಯ ಕೈಯಲ್ಲೇ ಹೊಡೆದುಕೊಳ್ಳತೊಡಗಿತು. ಅವಳು ಅದನ್ನು ಎತ್ತದೆ ಜೇಬಿಗೆ ಹಾಕಿಕೊಂಡು, ಮಗಳು ಮರೆತುಹೋದ ಊದುಬತ್ತಿ ಹಿಡಿದು ಹಿಂದೆಯೇ ಓಡಿದಳು.

“ಅಕ್ಕಾ, ಹಂಚು ನೋಡ್ಕೊಳ್ಳಿ,” ಅಂದಳು ಲಮ್ಯೈಗೆ, ಹೋಗುತ್ತಲೇ.

ಖಾಲಿ ಹಂಚು ಸೀಯದಂತೆ ಲಮ್ಯೈ ಒಲೆಯ ಕೆಂಡ ಸರಿಸಿ ಉರಿ ತಗ್ಗಿಸಿದಳು.