ಗಂಗಿಗೆ ಬಿಟ್ಟ ಜಾಗ

ಇದು ಹಿರೇಗುತ್ತಿಯ ಪ್ರವೀಣನಿಗೆ ಆದದ್ದು. ಕತೆ ಕಟ್ಟುವವನಲ್ಲ ಅವನು. ದೆವ್ವ ಅಂದರೆ ಕಿಸಕ್ಕನೆ ನಗುವ ಪೈಕಿ.

ಆ ರಾತ್ರಿ ಕುಮಟೆಯ ಕೊನೆಯ ಬಸ್ಸಿಳಿದು ಗದ್ದೆಯಂಚಿನ ಹಾದಿ ಹಿಡಿದಿದ್ದ. ಕೈ ಆಗಾಗ ಕಿಸೆ ಮುಟ್ಟಿ ನೋಡುತ್ತಿತ್ತು. ಕಿಸೆಯಲ್ಲಿ ಫೋನು, ಅದರ ಮೆಮೊರಿ ಕಾರ್ಡಿನಲ್ಲಿ ಅಜ್ಜಿ ಸಣ್ಣಮ್ಮನ ಮದುವೆ ಹಾಡು. ಅಜ್ಜಿಗೆ ಲಕ್ವ ಹೊಡೆದು ದನಿ ಬಿದ್ದುಹೋಗಿತ್ತು. ತಂಗಿ ಕಲ್ಪನಾಳ ಮದುವೆ ಹತ್ತಿರ ಬಂದಿತ್ತು. ಧಾರೆಯ ಹೊತ್ತಿಗೆ ಅಜ್ಜಿಯ ಹಾಡೇ ಆಗಬೇಕು ಅಂತ ಅವಳ ಹಟ. ಕಾರ್ಡು ನೋಡಿದರೆ ಕೈಕೊಡುವ ಹಂತದಲ್ಲಿ. ಹಾಗಾಗಿ ಕುಮಟೆಯ ಸ್ಟುಡಿಯೊ ಸಂಜಯನ ಹತ್ತಿರ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಕಾರ್ಡು ಖಾಲಿ ಮಾಡಿಸಿ, ಹಾಡೊಂದನ್ನು ಮತ್ತೆ ತುಂಬಿಸಿಕೊಂಡು ಬಂದಿದ್ದ.

ಹಳೇ ಬಾವಿಯ ಹತ್ತಿರ ಬಂದಾಗ ಒಮ್ಮೆ ಕೇಳಿ ನೋಡೋಣ ಅನ್ನಿಸಿತು. ಇಯರ್‌ಫೋನ್ ಸಿಕ್ಕಿಸಿಕೊಂಡ.

ಅಜ್ಜಿಯದೇ ದನಿ... ಆದರೆ ಎಂಥದೋ ಅವಸರ. ಸಾಲಿನ ಬೆನ್ನಿಗೇ ಸಾಲು. ಮುದುಕಿ ಉಸಿರೇ ತೆಗೆದುಕೊಳ್ಳುತ್ತಿಲ್ಲ.

ಅಷ್ಟರಲ್ಲಿ ಇನ್ನೊಂದು ದನಿ... ತೆಳ್ಳಗೆ, ಮೂಗಿನಲ್ಲಿ. ಅಜ್ಜಿ ಹಾಡಿದ್ದನ್ನೇ ತಿರುಗಿ ಹಾಡುತ್ತಿದೆ. ಹಿಂದೆ ಬೀಳುತ್ತದೆ... ಓಡಿ ಬಂದು ಹಿಡಿಯುತ್ತದೆ... ಮತ್ತೆ ತಪ್ಪುತ್ತದೆ.

ಇಯರ್‌ಫೋನ್ ಕಿತ್ತ. ಕಪ್ಪೆಗಳ ವಟವಟ. ಬಾವಿಯ ರಾಟೆ ಕಿರ್... ಎಂದು ಒಂದು ಸುತ್ತು ತಿರುಗಿ ನಿಂತಿತು. ಅದಕ್ಕೆ ಹಗ್ಗವೇ ಇರಲಿಲ್ಲ.

ಇದು ಸಂಜಯನದೇ ಕಿತಾಪತಿ ಎಂದುಕೊಂಡ. ಯಾವಳನ್ನೋ ಕೂರಿಸಿ ಹಾಡಿಸಿದ್ದಾನೆ. ನಡೆಯುತ್ತಲೇ ಫೋನ್ ಹಚ್ಚಿದ.

"ಯಾರ ದನಿ ಸೇರಿಸಿದ್ಯೋ?"

"ಎಂತದೂ ಸೇರಿಸಲಿಲ್ಲ ಮಾರಾಯ. ತೆಗ್ದದ್ದಷ್ಟೇ. ಸಾಲಿನ ನಡುವೆ ಬರೀ ಖಾಲಿ ಇತ್ತು, ಕತ್ತರಿಸಿ ಚೊಕ್ಕ ಮಾಡ್ದೆ."

"ಹಳೇದು?"

"ಅಳಿಸಾತು. ಎರಡೆರಡು ಎಂತಕ್ಕೆ?"

ಪ್ರವೀಣ ಹಾದಿಯಲ್ಲೇ ನಿಂತ. ಅದು ಖಾಲಿಯಲ್ಲ. ಅವರ ಕೇರಿಯ ಹಾಡನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬಳು ಸಾಲು ಎತ್ತಿದರೆ ಜೊತೆಯವಳು ಅದನ್ನೇ ತಿರುಗಿ ಹಾಡಬೇಕು. ಅಜ್ಜಿಯ ಜೊತೆಗಾತಿ ಗಂಗಿ. ಅವಳು ಸತ್ತ ಮೇಲೂ ಅಜ್ಜಿ ಬೇರೆ ಯಾರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಲಿಲ್ಲ. ಒಂದು ಸಾಲು ಹಾಡಿ, ಗಂಗಿ ಹಾಡುವಷ್ಟು ಹೊತ್ತು ಸುಮ್ಮನಿದ್ದು, ಮುಂದಿನದಕ್ಕೆ ಹೋಗುತ್ತಿದ್ದಳು.

ಮನೆ ಮುಟ್ಟಿದಾಗ ಅಜ್ಜಿ ಜಗಲಿಯಲ್ಲಿ ಎದ್ದು ಕೂತಿದ್ದಳು. ನೋಡಿದ್ದು ಅವನನ್ನಲ್ಲ... ಅವನ ಬೆನ್ನ ಹಿಂದೆ. ಸೊಟ್ಟ ತುಟಿಯಲ್ಲಿ ಪಿಸುಗುಟ್ಟಿದಳು.

"ಗಂಗಿಗೆ ಹಾಡೂಕೆ ಜಾಗ ಬಿಡೋ, ತಮಾ."

ಅವನಿನ್ನೂ ಯಾರಿಗೂ ಏನೂ ಹೇಳಿರಲಿಲ್ಲ.

ಮರುದಿನ ಸಂಜಯನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ. ಹದ್ದಿನ ಕಣ್ಣಿಟ್ಟು ಕಾದ. ಅಜ್ಜಿಯ ಪ್ರತಿ ಸಾಲು ಮುಗಿದ ಮೇಲೂ, ಗಂಗಿಯ ಪಾಲನ್ನು ಮನಸ್ಸಿನಲ್ಲೇ ಗುನುಗಿ, ಅಷ್ಟೇ ಉದ್ದದ ಮೌನ ಹಾಕಿಸಿದ. ಬೇರೆ ಒಂದು ಚೂರೂ ಒಳಗೆ ಹೋಗಲು ಬಿಡಲಿಲ್ಲ. ಆದರೂ ಸಂಶಯ ಹೋಗಲಿಲ್ಲ. ಮದುವೆಯ ತನಕ ಕಾರ್ಡನ್ನು ಯಾರ ಕೈಗೂ ಕೊಡಲಿಲ್ಲ.

ಧಾರೆಯ ಹೊತ್ತಿಗೆ ತಾನೇ ಹಾಡು ಹಚ್ಚಿದ. ಅಜ್ಜಿಯ ಮೊದಲ ಸಾಲು ಮುಗಿಯಿತು. ಚಪ್ಪರ ಸುಮ್ಮನಾಯಿತು.

ಸ್ಪೀಕರಿನಿಂದ ಗಾಜಿನ ಬಳೆಗಳ ಸದ್ದು... ಖಣ್. ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಅದೇ ತೆಳ್ಳನೆಯ ದನಿ, ಅವಸರವಿಲ್ಲದೆ, ಸಾಲನ್ನು ಪೂರ್ತಿ ಹಾಡಿತು. ಮುದುಕಿಯರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಲ್ಪನಾ ಅಳುತ್ತಿದ್ದಳು. ಅಜ್ಜಿಯೊಬ್ಬಳೇ ನೆಮ್ಮದಿಯಿಂದ ತಲೆದೂಗುತ್ತಿದ್ದಳು.

ಮದುವೆಗೆ ಬಂದಿದ್ದ ಸಂಜಯನ ಕೊರಳಪಟ್ಟಿಯನ್ನು ಪ್ರವೀಣ ಹಿಡಿದ. ಸಂಜಯ ಅವನನ್ನು ಸ್ಟುಡಿಯೊಗೆ ಕರೆದೊಯ್ದು, ಕಂಪ್ಯೂಟರಿನಲ್ಲಿದ್ದ ಹಾಡು ತೆರೆದು ಹಚ್ಚಿದ. ಸದ್ದಿದ್ದಲ್ಲಿ ಪರದೆಯ ಗೆರೆ ಏರಿ ಇಳಿಯುತ್ತದೆ, ಸದ್ದಿಲ್ಲದಲ್ಲಿ ನೆಟ್ಟಗೆ ಮಲಗುತ್ತದೆ. ಇಬ್ಬರೂ ನೋಡುತ್ತ ಕೂತರು.

ಸುಳ್ಳು ಅನ್ನುವವರು ಕುಮಟೆಗೆ ಹೋಗಿ ನೋಡಿ, ಆ ಹಾಡು ಈಗಲೂ ಅಲ್ಲೇ ಇದೆ. ಅಜ್ಜಿ ಹಾಡುವಾಗ ಗೆರೆ ಕುಣಿಯುತ್ತದೆ. ಗಂಗಿ ಹಾಡುವಾಗ ನೆಟ್ಟಗೆ ಮಲಗಿರುತ್ತದೆ.